ಕರ್ನಲಿನ ಸಂಕೇತಪಟ್ಟಿ: ಒಂದು ಬಾಗಿಲಿನ ಚರಿತ್ರೆ

ಲಿನಕ್ಸ್ ಕರ್ನಲಿನೊಳಗಿರುವ ಒಂದು ಹೆಸರನ್ನು ಕೊಟ್ಟರೆ ಅದರ ವಿಳಾಸವನ್ನು ಹುಡುಕಿ ತಿಳಿಸತಕ್ಕ ಫಂಕ್ಷನ್ ಒಂದುಂಟು. ಅದಕ್ಕೆ ‘ಕೆ-ಆಲ್‌ಸಿಮ್ಸ್ ಲುಕಪ್ ನೇಮ್’ ಎಂದು ಹೆಸರು. ಕರ್ನಲಿಗೆ ಹೊರಗಿನಿಂದ ಸೇರಿಸುವ ಮಾಡ್ಯೂಲುಗಳು ಈ ಫಂಕ್ಷನ್ನನ್ನು ನೇರವಾಗಿ ಕರೆಯುವಂತಿಲ್ಲವೆಂದು 2020ರಲ್ಲಿ ನಿರ್ಬಂಧವಾಯಿತು. ಈ ನಿರ್ಬಂಧ ಅಂದೇ ಮೊದಲು ಬಂದಿತೆಂದೂ ಅದಕ್ಕೆ ಹಿಂದೆ ಬಾಗಿಲು ಸದಾ ತೆರೆದೇ ಇದ್ದಿತೆಂದೂ ಹೇಳುವುದನ್ನು ನಾವು ಕೇಳುತ್ತೇವೆ. ಇದು ಸರಿಯಲ್ಲ. ಆ ಬಾಗಿಲು 2006ರಲ್ಲಿಯೇ ಒಮ್ಮೆ ಮುಚ್ಚಿದ್ದಿತು. ಮುಚ್ಚಿದ ತಿದ್ದುಪಡಿ ಹೊರಟದ್ದು ಬೆಂಗಳೂರಿನಿಂದ. 2009ರಲ್ಲಿ ಅದು ಪುನಃ ತೆರೆಯಿತು. ಅದಕ್ಕೆ ನಿಮಿತ್ತವಾದುದು ಅದೇ ಸಂಸ್ಥೆಯವರೊಬ್ಬರು ಬರೆದ ಒಂದು ಚಿಕ್ಕ ಮಾದರಿ ಪ್ರೋಗ್ರಾಂ. 2020ರದು ಎರಡನೆಯ ಮುಚ್ಚುವಿಕೆ. ಎರಡರ ಕಾರಣಗಳೂ ಬೇರೆಬೇರೆ. ಅಷ್ಟೇ ಅಲ್ಲ, ಮೊದಲನೆಯ ಸಲ ಮುಚ್ಚಿದಾಗ ಏನನ್ನು ಬದಲಾಗಿ ಕೊಟ್ಟರೋ ಅದರ ಮೂಲಕವೇ ಇಂದಿಗೂ ಜನ ಒಳಗೆ ಪ್ರವೇಶಿಸುತ್ತಿದ್ದಾರೆ. ಪ್ರಕೃತ ಲೇಖನದಲ್ಲಿ ಈ ಸಂಗತಿಗಳನ್ನು ಕಾಲಾನುಕ್ರಮವಾಗಿ ವಿವೇಚಿಸಲಾಗಿದೆ.

ಮೊದಲು ವಿಷಯದ ಸ್ವರೂಪವನ್ನು ತಿಳಿಯಬೇಕು. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನಲ್ಲಿ ಪ್ರತಿಯೊಂದು ಫಂಕ್ಷನ್ನಿಗೂ ಚರಕ್ಕೂ ಒಂದು ಹೆಸರಿರುತ್ತದೆ. ಕಂಪೈಲರೂ ಲಿಂಕರೂ ತಮ್ಮ ಕೆಲಸವನ್ನು ಮುಗಿಸಿದ ಮೇಲೆ ಯಂತ್ರಕ್ಕೆ ಆ ಹೆಸರುಗಳಿಂದ ಪ್ರಯೋಜನವಿಲ್ಲ. ಮೆಮೊರಿಯ ಇಂತಹ ಸ್ಥಳಕ್ಕೆ ಹೋಗು, ಇಂತಹ ಸ್ಥಳದಿಂದ ಓದು ಎಂದು ಹೇಳುವ ಸಂಖ್ಯೆಗಳಿದ್ದರೆ ಸಾಕು. ಆದರೂ ಲಿಂಕರು ಹೆಸರುಗಳನ್ನೂ ಅವುಗಳಿಗೆ ದೊರೆತ ವಿಳಾಸಗಳನ್ನೂ ಜೋಡಿಸಿ ಒಂದು ಪಟ್ಟಿಯಾಗಿ ಕಡತದಲ್ಲಿಯೇ ಬರೆದಿಡುತ್ತದೆ. ಹೀಗೆ ಪಟ್ಟಿಯಲ್ಲಿ ನಿಂತ ಹೆಸರಿಗೆ ಸಿಂಬಲ್ ಎಂಬ ಸಂಜ್ಞೆ; ನಾವು ಅದನ್ನು ಸಂಕೇತವೆಂದು ಕರೆಯೋಣ. ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್ ಕೂಡ ಒಂದು ಸಿ ಪ್ರೋಗ್ರಾಮೇ ಆದುದರಿಂದ ಅದಕ್ಕೂ ಇಂತಹ ಪಟ್ಟಿ ಇರುತ್ತದೆ. ನಮ್ಮ ಕಾಲೇಜುಗಳ ಪಾಠದಲ್ಲಿ ಸಂಕೇತಪಟ್ಟಿಯು ಅಸೆಂಬ್ಲರಿನ ಅಧ್ಯಾಯದಲ್ಲಿ ಬಂದು ಸಾಮಾನ್ಯವಾಗಿ ಅಲ್ಲಿಯೇ ಮುಗಿಯುತ್ತದೆ. ಅದರ ನಿಜವಾದ ಚರಿತ್ರೆ ತೊಡಗುವುದು ಆ ಅಧ್ಯಾಯ ಮುಗಿದ ಮೇಲೆ. ಓಡುತ್ತಿರುವ ಕರ್ನಲಿನಲ್ಲಿ ಇಂತಹ ಹೆಸರಿನ ವಸ್ತು ಎಲ್ಲಿದೆಯೆಂದು ಹೊರಗಿನ ಪ್ರೋಗ್ರಾಮೊಂದು ಕೇಳಬಹುದೆ? ಕೇಳಿದರೆ ಯಾರು ಉತ್ತರ ಕೊಡಬೇಕು? ಈ ಎರಡು ಪ್ರಶ್ನೆಗಳಿಗೆ ಐವತ್ತು ವರ್ಷಗಳಲ್ಲಿ ದೊರೆತ ಉತ್ತರಗಳು ಒಂದೇ ಬಗೆಯಾಗಿಲ್ಲ.

ಯುನಿಕ್ಸ್ ಕರ್ನಲನ್ನು ಸಿ ಭಾಷೆಯಲ್ಲಿ ಪುನಃ ಬರೆದದ್ದು 1973ರಲ್ಲಿ. 1975ರಲ್ಲಿ ಹೊರಬಂದ ಆರನೆಯ ಆವೃತ್ತಿಯಲ್ಲಿ ‘ಪಿಎಸ್’ ಎಂಬ ಆಜ್ಞೆಯ ಮೂಲವನ್ನು ನೋಡಿದರೆ ಆ ಕಾಲದ ರೀತಿ ಸ್ಪಷ್ಟವಾಗುತ್ತದೆ. ಯಂತ್ರದಲ್ಲಿ ಯಾವ ಯಾವ ಕೆಲಸಗಳು ನಡೆಯುತ್ತಿವೆಯೆಂದು ಪಟ್ಟಿಮಾಡಿ ತೋರಿಸುವುದು ಪಿಎಸ್ಸಿನ ಕೆಲಸ. ಈ ವಿಷಯವನ್ನು ಅದು ಕರ್ನಲನ್ನು ಕೇಳುತ್ತಿರಲಿಲ್ಲ. ತಾನೇ ಹೋಗಿ ನೋಡುತ್ತಿದ್ದಿತು. ಅದು ಹೇಗೆಂದರೆ: ಡಿಸ್ಕಿನ ಮೂಲದಲ್ಲಿ ‘ಯುನಿಕ್ಸ್’ ಎಂಬ ಹೆಸರಿನಿಂದ ಇದ್ದ ಕರ್ನಲಿನ ಕಡತವನ್ನು ‘ಎನ್‌ಲಿಸ್ಟ್’ ಎಂಬ ಫಂಕ್ಷನ್ನಿಗೆ ಒಪ್ಪಿಸಿ, ತನಗೆ ಬೇಕಾದ ‘ಪ್ರಾಕ್’ ಮೊದಲಾದ ಎರಡು ಮೂರು ಹೆಸರುಗಳನ್ನು ಕೊಟ್ಟು, ಅವುಗಳ ವಿಳಾಸವನ್ನು ಪಡೆಯುವುದು, ಅನಂತರ ಇಡೀ ಮೆಮೊರಿಯನ್ನೇ ಒಂದು ಕಡತದಂತೆ ತೋರಿಸುತ್ತಿದ್ದ ‘ಡೆವ್ ಮೆಮ್’ ಎಂಬ ವಿಶೇಷ ಕಡತವನ್ನು ತೆರೆದು ಆ ವಿಳಾಸದಿಂದ ಓದಿಕೊಳ್ಳುವುದು. ಪಟ್ಟಿಯ ಪ್ರತಿಯೊಂದು ನಮೂದಿಗೂ 12 ಬೈಟುಗಳು: ಹೆಸರಿಗೆ 8, ಬಗೆಗೆ 2, ವಿಳಾಸಕ್ಕೆ 2. ಹೆಸರಿನ ಮುಂದೆ ಕಂಪೈಲರು ಒಂದು ಅಡಿಗೆರೆಯನ್ನು ತಾನೇ ಸೇರಿಸುತ್ತಿದ್ದುದರಿಂದ ಬರೆಯುವವನಿಗೆ ಉಳಿಯುತ್ತಿದ್ದುದು ಏಳೇ ಅಕ್ಷರ. ಹಳೆಯ ಯುನಿಕ್ಸಿನ ಹೆಸರುಗಳು ಅಷ್ಟು ಮೊಟಕಾಗಿರುವುದಕ್ಕೆ ಇದೂ ಒಂದು ಕಾರಣವೆನ್ನಬಹುದು.

ಈ ವ್ಯವಸ್ಥೆಯಲ್ಲಿ ಕರ್ನಲಿಗೆ ಏನೂ ಕೆಲಸವಿಲ್ಲವೆಂಬುದನ್ನು ಗಮನಿಸಬೇಕು. ಹೆಸರು ಡಿಸ್ಕಿನಲ್ಲಿ, ವಸ್ತು ಮೆಮೊರಿಯಲ್ಲಿ, ಎರಡನ್ನೂ ಜೋಡಿಸುವ ಭಾರ ಹೊರಗಿನ ಪ್ರೋಗ್ರಾಮಿನ ಮೇಲೆ. ಡಿಸ್ಕಿನಲ್ಲಿರುವ ಕಡತವೂ ಓಡುತ್ತಿರುವ ಕರ್ನಲೂ ಒಂದೇ ಆಗಿದ್ದರೆ ಎಲ್ಲವೂ ಸರಿ. ಯಾರಾದರೂ ಹೊಸ ಕರ್ನಲನ್ನು ಕಟ್ಟಿ ಹಳೆಯ ಕಡತವನ್ನು ಹಾಗೆಯೇ ಬಿಟ್ಟಿದ್ದರೆ ಪಿಎಸ್ ಅರ್ಥವಿಲ್ಲದ ಅಂಕಿಗಳನ್ನು ಗಂಭೀರವಾಗಿ ಅಚ್ಚುಮಾಡುತ್ತಿದ್ದಿತು. ಎರಡನೆಯ ತೊಂದರೆ ಇದಕ್ಕಿಂತ ದೊಡ್ಡದು. ಮೆಮೊರಿಯನ್ನು ಓದಬಲ್ಲವನು ಪಕ್ಕದವನು ಟೈಪು ಮಾಡುತ್ತಿರುವ ಗುಪ್ತಪದವನ್ನೂ ಓದಬಲ್ಲ. ಬರ್ಕ್‌ಲಿಯ ಬಿಎಸ್‌ಡಿ ಪರಂಪರೆಯವರು ಇದಕ್ಕಾಗಿ ‘ಕೆಮೆಮ್’ ಎಂಬ ಒಂದು ಬಳಗವನ್ನು ಏರ್ಪಡಿಸಿ ಪಿಎಸ್ ಮೊದಲಾದ ಪ್ರೋಗ್ರಾಮುಗಳಿಗೆ ಮಾತ್ರ ಆ ಬಳಗದ ಅಧಿಕಾರವನ್ನು ಕೊಟ್ಟರು. ಸನ್ ಸಂಸ್ಥೆಯವರು ಈ ಹುಡುಕಾಟವನ್ನೆಲ್ಲ ಒಂದು ಗ್ರಂಥಾಲಯವಾಗಿ ಕ್ರಮಪಡಿಸಿದರು. ‘ಕೆವಿಎಂ ಎನ್‌ಲಿಸ್ಟ್’ ಹೆಸರನ್ನು ಹುಡುಕುವುದು, ‘ಕೆವಿಎಂ ರೀಡ್’ ವಿಳಾಸದಿಂದ ಓದುವುದು. ಬಿಎಸ್‌ಡಿಯವರು ಅದನ್ನು ಸ್ವೀಕರಿಸಿದರು. ಅದು ಇಂದಿಗೂ ಅಲ್ಲಿ ಜೀವಂತವಾಗಿದೆ. ಓಡುತ್ತಿರುವ ಕರ್ನಲಿಗೂ, ಕುಸಿದುಬಿದ್ದ ಕರ್ನಲಿನ ಮೆಮೊರಿಯ ಪ್ರತಿಗೂ ಒಂದೇ ಫಂಕ್ಷನ್ ಸಲ್ಲುವುದು ಇದರ ಹೆಚ್ಚುಗಾರಿಕೆ.

ಲಿನಕ್ಸ್ ಬೇರೊಂದು ದಾರಿ ಹಿಡಿಯಿತು. ನಡೆಯುತ್ತಿರುವ ಕೆಲಸಗಳ ವಿವರಗಳನ್ನು ಕಡತಗಳ ರೂಪದಲ್ಲಿ ತೋರಿಸುವ ‘ಪ್ರಾಕ್’ ಕಡತವ್ಯವಸ್ಥೆಯ ಕಲ್ಪನೆ ಯುನಿಕ್ಸಿನ ಎಂಟನೆಯ ಆವೃತ್ತಿಗಾಗಿ ಟಾಮ್ ಕಿಲಿಯನ್ 1984ರಲ್ಲಿ ಮಂಡಿಸಿದುದು. ಲಿನಕ್ಸ್ ಅದನ್ನು ಬಹಳ ವಿಸ್ತರಿಸಿ ವಿವರಗಳನ್ನು ಸಾದಾ ಅಕ್ಷರಗಳಲ್ಲಿಯೇ ಕೊಟ್ಟಿತು. ಹೀಗಾಗಿ ಪಿಎಸ್ಸಿಗೆ ಸಂಕೇತಪಟ್ಟಿಯ ಗೊಡವೆ ತಪ್ಪಿತು. ಆದರೆ ಲಿನಕ್ಸಿನಲ್ಲಿ ಮಾಡ್ಯೂಲುಗಳೆಂಬ ಹೊಸ ಕಕ್ಷಿ ಹುಟ್ಟಿಕೊಂಡಿದ್ದಿತು. ಮಾಡ್ಯೂಲೆಂದರೆ ಓಡುತ್ತಿರುವ ಕರ್ನಲಿನೊಳಕ್ಕೆ ಅನಂತರ ಸೇರಿಸುವ ಸಿ ಪ್ರೋಗ್ರಾಮಿನ ತುಂಡು. ಅದು ಕರ್ನಲಿನ ಫಂಕ್ಷನ್ನುಗಳನ್ನು ಹೆಸರು ಹಿಡಿದು ಕರೆಯುತ್ತದೆ. ಆದುದರಿಂದ ಯಾವ ಹೆಸರುಗಳನ್ನು ಕರೆಯಬಹುದೆಂದು ಕರ್ನಲ್ ತಾನೇ ಘೋಷಿಸಬೇಕಾಗುತ್ತದೆ. ಇದಕ್ಕೆ ‘ಎಕ್ಸ್‌ಪೋರ್ಟ್’ ಎಂದು ಹೆಸರು. ಘೋಷಿತವಾದ ಹೆಸರು ಮಾಡ್ಯೂಲಿಗೆ ಲಭ್ಯ. ಉಳಿದುವು ಕರ್ನಲಿನ ಮನೆಯೊಳಗಿನ ಮಾತು.

2002ರಲ್ಲಿ ರಸ್ಟಿ ರಸೆಲ್ ಎಂಬುವರು ಮಾಡ್ಯೂಲುಗಳನ್ನು ಸೇರಿಸುವ ಕೆಲಸವನ್ನು ಕರ್ನಲಿನೊಳಕ್ಕೆ ತಂದಾಗ ಅದರ ಜೊತೆಯಲ್ಲಿ ‘ಕೆ-ಆಲ್‌ಸಿಮ್ಸ್’ ಎಂಬ ಪಟ್ಟಿಯನ್ನೂ ಬಹಳ ಸರಳಗೊಳಿಸಿ ಬರೆದರು. ಇದು ಕರ್ನಲ್ ತನ್ನೊಡನೆ ಮೆಮೊರಿಯಲ್ಲಿಯೇ ಹೊತ್ತು ತಿರುಗುವ ಪಟ್ಟಿ. ಹೊರಗೆ ಘೋಷಿಸಿದ ಹೆಸರುಗಳಷ್ಟೇ ಅಲ್ಲ, ಘೋಷಿಸದ ಫಂಕ್ಷನ್ನುಗಳೂ ಇದರಲ್ಲಿ ಸೇರುತ್ತವೆ. ಪ್ರಾಕ್ ವ್ಯವಸ್ಥೆಯಲ್ಲಿ ಇದೇ ಹೆಸರಿನ ಕಡತವನ್ನು ತೆರೆದರೆ ಸಾಲುಸಾಲಾಗಿ ವಿಳಾಸ, ಬಗೆಯನ್ನು ಸೂಚಿಸುವ ಒಂದು ಅಕ್ಷರ, ಹೆಸರು ಕಾಣುತ್ತವೆ. ಇಂದಿನ ಸಾಮಾನ್ಯ ಯಂತ್ರವೊಂದರಲ್ಲಿ ಸಾಲುಗಳು ಲಕ್ಷಕ್ಕೂ ಮಿಗುತ್ತವೆ. ಇಷ್ಟು ಹೆಸರುಗಳನ್ನು ಮೆಮೊರಿಯಲ್ಲಿ ಇಡುವುದು ದುಬಾರಿಯಾದುದರಿಂದ ಅವುಗಳನ್ನು ಸಂಕ್ಷೇಪಿಸಿ ಇಟ್ಟಿರುತ್ತಾರೆ. ಈಗಿನ ಸಂಕ್ಷೇಪಕ್ರಮವನ್ನು ಪಾಲೊ ಮಾರ್ಕೆಸ್ 2004ರ ಆಗಸ್ಟಿನಲ್ಲಿ ತಂದರು.

ಈ ಪಟ್ಟಿಯ ಒಂದು ವೈಶಿಷ್ಟ್ಯವನ್ನು ಇಲ್ಲಿ ಹೇಳಬೇಕು. ಕರ್ನಲ್ ಎಡವಿದಾಗ ಅದು ಎಡವಿದ ವಿಳಾಸ ಯಾವ ಫಂಕ್ಷನ್ನಿಗೆ ಸೇರಿದ್ದೆಂದು ತಿಳಿಯುವುದೇ ಪಟ್ಟಿಯ ಮುಖ್ಯ ಉದ್ದೇಶವಾಗಿದ್ದಿತು. ಆದುದರಿಂದ ಅದನ್ನು ಜೋಡಿಸಿರುವುದು ವಿಳಾಸಗಳ ಕ್ರಮದಲ್ಲಿ, ಹೆಸರುಗಳ ಕ್ರಮದಲ್ಲಲ್ಲ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನು ಬಳಸಿದವರಿಗೆ ಈ ಸ್ಥಿತಿ ಪರಿಚಿತವೇ. 1905ರಲ್ಲಿ ಪ್ರಕಟವಾದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ಶಾಸನಗಳು ತಾಲ್ಲೂಕು ಮತ್ತು ಸಂಖ್ಯೆಯ ಕ್ರಮದಲ್ಲಿವೆ. ಸಂಖ್ಯೆ ಗೊತ್ತಿದ್ದರೆ ಶಾಸನ ಕೂಡಲೆ ಸಿಕ್ಕುತ್ತದೆ. ಒಬ್ಬ ವ್ಯಕ್ತಿಯ ಹೆಸರು ಮಾತ್ರ ಗೊತ್ತಿದ್ದು ಅವನು ಯಾವ ಶಾಸನದಲ್ಲಿದ್ದಾನೆಂದು ಹುಡುಕುವುದಾದರೆ ಪುಟಗಳನ್ನು ಮೊದಲಿನಿಂದ ಮಗುಚಬೇಕು. ಕರ್ನಲೂ ಹೆಸರಿನ ಹುಡುಕಾಟದಲ್ಲಿ ಇದನ್ನೇ ಮಾಡುತ್ತಿದ್ದಿತು. ಸಂಕ್ಷೇಪಿಸಿದ ಹೆಸರುಗಳನ್ನು ಒಂದೊಂದಾಗಿ ಬಿಡಿಸಿ ಹೋಲಿಸಿ ನೋಡುತ್ತ ಕೊನೆಯವರೆಗೂ ಸಾಗುವುದು. ಹೆಸರುಗಳ ಅಕಾರಾದಿಯಂತಹ ಒಂದು ಸೂಚಿಯನ್ನು ಸೇರಿಸಿ ಹುಡುಕಾಟವನ್ನು ಶೀಘ್ರಗೊಳಿಸಿದ್ದು 2023ರ ಫೆಬ್ರವರಿಯಲ್ಲಿ ಹೊರಬಂದ 6.2ನೆಯ ಆವೃತ್ತಿಯಲ್ಲಿ. ಇಪ್ಪತ್ತು ವರ್ಷ ಯಾರೂ ಇದಕ್ಕೆ ಅವಸರಪಡಲಿಲ್ಲ. ಹೆಸರನ್ನು ಕೊಟ್ಟು ವಿಳಾಸವನ್ನು ಕೇಳುವವರು ವಿರಳವೆಂದೇ ಎಲ್ಲರ ಭಾವನೆಯಾಗಿದ್ದಿತೆಂದು ಇದರಿಂದ ಊಹಿಸಬಹುದು.

ಆ ವಿರಳರಲ್ಲಿ ಮುಖ್ಯರಾದವರು ಬೆಂಗಳೂರಿನಲ್ಲಿದ್ದರು. 1978ರಲ್ಲಿ ಭಾರತವನ್ನು ಬಿಟ್ಟುಹೋಗಿದ್ದ ಐಬಿಎಂ ಸಂಸ್ಥೆ 1992ರಲ್ಲಿ ಟಾಟಾ ಸಂಸ್ಥೆಯೊಡನೆ ಸೇರಿ ಹಿಂದಿರುಗಿತು. ಇಂದು ಹೆಬ್ಬಾಳದ ಪೂರ್ವಕ್ಕೆ ನಾಗವಾರದ ಮಾನ್ಯತಾ ಉದ್ಯಮವನದಲ್ಲಿಯೂ ಕಚೇರಿ ಇರಿಸಿಕೊಂಡಿರುವ ಈ ಸಂಸ್ಥೆಗೆ 2000ದ ದಶಕದ ಆರಂಭಕ್ಕೇ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಪ್ರಯೋಗಾಲಯವೂ ಅದರಲ್ಲಿ ಲಿನಕ್ಸ್ ತಂತ್ರಜ್ಞಾನ ಕೇಂದ್ರವೂ ಇದ್ದುವು. ಅದೇ ವರ್ಷಗಳಲ್ಲಿ ಮಲ್ಲೇಶ್ವರಕ್ಕೂ ಯಶವಂತಪುರಕ್ಕೂ ನಡುವಣ ಭಾರತೀಯ ವಿಜ್ಞಾನ ಸಂಸ್ಥೆಯ ಟಾಟಾ ಸಭಾಂಗಣದಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ವಾರ್ಷಿಕ ಸಮ್ಮೇಳನ ಕೂಡುತ್ತಿದ್ದುದನ್ನು ನೆನೆದರೆ, ನಗರದಲ್ಲಿ ಈ ವಿದ್ಯೆಗೆ ಎಂತಹ ವಾತಾವರಣವಿದ್ದಿತೆಂಬುದು ತಿಳಿಯುತ್ತದೆ.

ಐಬಿಎಂನಲ್ಲಿ ರಿಚರ್ಡ್ ಮೂರ್ ಮೊದಲಾದವರು ‘ಡೈನಮಿಕ್ ಪ್ರೋಬ್ಸ್’ ಎಂಬ ದೊಡ್ಡ ಉಪಕರಣವೊಂದನ್ನು ಲಿನಕ್ಸಿಗಾಗಿ ಸಿದ್ಧಪಡಿಸಿದ್ದರು. ಓಡುತ್ತಿರುವ ಕರ್ನಲನ್ನು ನಿಲ್ಲಿಸದೆ, ಪುನಃ ಕಟ್ಟದೆ, ಅದರ ಯಾವ ಸ್ಥಳದಲ್ಲಿ ಬೇಕಾದರೂ ಒಂದು ಪರೀಕ್ಷಕವನ್ನು ನೆಡುವುದು ಅದರ ಗುರಿ. ಇಡೀ ಉಪಕರಣ ಕರ್ನಲಿಗೆ ಸೇರಲಿಲ್ಲ. ಅದರಿಂದ ಅತ್ಯಂತ ಮೂಲವಾದ ಭಾಗವನ್ನಷ್ಟೇ ಬೇರ್ಪಡಿಸಿ ‘ಕೆಪ್ರೋಬ್ಸ್’ ಎಂದು ಹೆಸರಿಟ್ಟು ಬರೆದವರು ಬೆಂಗಳೂರಿನ ಶ್ರೀ ವಂಶಿಕೃಷ್ಣ ಎಸ್. ಅವರು. ಇದಕ್ಕೆ ಆಧಾರ ಕೆಪ್ರೋಬ್ಸ್ ಕಡತದ ಶಿರೋಭಾಗದಲ್ಲಿರುವ ಟಿಪ್ಪಣಿ. 2002ರ ಅಕ್ಟೋಬರಿನಲ್ಲಿ ವಂಶಿಕೃಷ್ಣರಿಂದ ಪ್ರಥಮ ರಚನೆ. 2004ರ ಜುಲೈಯಲ್ಲಿ ಸುಪರ್ಣಾ ಭಟ್ಟಾಚಾರ್ಯ ಅವರಿಂದ ಫಂಕ್ಷನ್ನಿನ ಆರ್ಗ್ಯುಮೆಂಟುಗಳನ್ನು ನೋಡತಕ್ಕ ‘ಜಂಪರ್ ಪ್ರೋಬ್’ ಭಾಗ. ಅದೇ ವರ್ಷದ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಪ್ರಸನ್ನ ಎಸ್. ಪಂಚಮುಖಿ ಅವರಿಂದ ಪರಿಷ್ಕರಣ. 2005ರ ಮೇಯಲ್ಲಿ ಹಿಯೆನ್ ನ್ಗುಯೆನ್, ಜಿಮ್ ಕೆನಿಸ್ಟನ್, ಪಂಚಮುಖಿ ಮೂವರಿಂದ ಫಂಕ್ಷನ್ ಹಿಂದಿರುಗುವಾಗ ನಿಲ್ಲಿಸುವ ಭಾಗ. ವಂಶಿಕೃಷ್ಣ, ಭಟ್ಟಾಚಾರ್ಯ, ಪಂಚಮುಖಿ ಈ ಮೂವರ ವಿಳಾಸಗಳೂ ಐಬಿಎಂನ ಭಾರತಶಾಖೆಯವು. ಶಾಸನದ ಕೊನೆಯಲ್ಲಿ ಬರೆದವನ ಮತ್ತು ಕೆತ್ತಿದವನ ಹೆಸರು ಬರುವುದುಂಟಷ್ಟೆ. ಕರ್ನಲಿನವರು ಅದನ್ನು ಮೊದಲಿನಲ್ಲಿಯೇ ಕೊಡುತ್ತಾರೆ. ಚರಿತ್ರಕಾರನಿಗೆ ಇದರಿಂದ ಬಹಳ ಉಪಕಾರವಾಗಿದೆ. ಕೆಪ್ರೋಬ್ಸ್ ಲಿನಕ್ಸಿನ ಮುಖ್ಯ ಆಕರಕ್ಕೆ ಸೇರಿದುದು 2004ರ ಅಕ್ಟೋಬರಿನ 2.6.9ನೆಯ ಆವೃತ್ತಿಯಲ್ಲಿ.

ಅದು ಕೆಲಸಮಾಡುವ ರೀತಿ ಸರಳ. ಒಂದು ವಿಳಾಸವನ್ನು ಕೊಟ್ಟರೆ ಕೆಪ್ರೋಬ್ಸ್ ಅಲ್ಲಿರುವ ಆದೇಶದ ಪ್ರತಿಯನ್ನು ತೆಗೆದಿಟ್ಟುಕೊಂಡು, ಅದರ ಮೊದಲ ಬೈಟಿನ ಜಾಗದಲ್ಲಿ ‘ಇಲ್ಲಿ ನಿಲ್ಲು’ ಎಂಬರ್ಥದ ಒಂದು ಬೈಟನ್ನು ಬರೆಯುತ್ತದೆ. ಇದು ಇಂಟೆಲ್ ಜಾತಿಯ ಯಂತ್ರಗಳ ಮಾತು. ಉಳಿದ ಯಂತ್ರಗಳಲ್ಲಿ ಅವುಗಳಿಗೆ ಸಲ್ಲುವ ಆದೇಶ. ಪ್ರೊಸೆಸರು ಅಲ್ಲಿಗೆ ಬಂದು ನಿಂತಾಗ ನಾವು ಬರೆದ ಸಿ ಫಂಕ್ಷನ್ ಒಮ್ಮೆ ಓಡುತ್ತದೆ. ಅನಂತರ ತೆಗೆದಿಟ್ಟ ಮೂಲ ಆದೇಶ ಓಡುತ್ತದೆ. ಕರ್ನಲ್ ಏನೂ ಆಗಲಿಲ್ಲವೆಂಬಂತೆ ಮುಂದೆ ಸಾಗುತ್ತದೆ. ಕೆಪ್ರೋಬ್ಸಿನ ಸ್ವಂತ ಒಳಭಾಗಗಳಲ್ಲಿ ಮಾತ್ರ ಪರೀಕ್ಷಕವನ್ನು ನೆಡಲು ಅವಕಾಶವಿಲ್ಲ. ಇದ್ದಿದ್ದರೆ ಅದು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತ ಕೊನೆಗಾಣದೆ ಸುತ್ತುತ್ತಿದ್ದಿತು.

ಸರಿ, ಆ ವಿಳಾಸವನ್ನು ತರುವುದು ಎಲ್ಲಿಂದ? ಸಂಕೇತಪಟ್ಟಿಯ ಪ್ರಶ್ನೆ ಇಲ್ಲಿ ಪುನಃ ತಲೆಯೆತ್ತಿತು. ಕರ್ನಲನ್ನು ಕಟ್ಟುವಾಗ ಉತ್ಪನ್ನವಾಗುವ ‘ಸಿಸ್ಟಂ ಮ್ಯಾಪ್’ ಎಂಬ ಕಡತವನ್ನು ನೋಡಿ ಸಂಖ್ಯೆಯನ್ನು ಕೈಯಿಂದ ಬರೆಯಬಹುದು. ಆದರೆ ಕರ್ನಲ್ ಬದಲಾದೊಡನೆ ಸಂಖ್ಯೆಯೂ ಸುಳ್ಳಾಗುತ್ತದೆ. ಇಲ್ಲವೆ ಮಾಡ್ಯೂಲಿನಲ್ಲಿಯೇ ಕೆ-ಆಲ್‌ಸಿಮ್ಸ್ ಲುಕಪ್ ನೇಮನ್ನು ಕರೆದು ಹೆಸರಿನಿಂದ ವಿಳಾಸವನ್ನು ಪಡೆಯಬಹುದು. ಆ ಫಂಕ್ಷನ್ ಆಗ ಘೋಷಿತವಾಗಿದ್ದುದರಿಂದ ಬರೆಯುವವರು ಇದನ್ನೇ ಮಾಡುತ್ತಿದ್ದರು. ಇದರಲ್ಲಿಯೂ ಒಂದು ತೊಡಕಿದ್ದಿತು. ಅಂದಿನ 64 ಬಿಟ್ಟಿನ ಪವರ್‌ಪಿಸಿ ಯಂತ್ರಗಳಲ್ಲಿ ಫಂಕ್ಷನ್ನಿನ ಹೆಸರು ಅದರ ಆದೇಶಗಳಿರುವ ಸ್ಥಳವನ್ನು ಸೂಚಿಸುತ್ತಿರಲಿಲ್ಲ. ಆ ಸ್ಥಳದ ವಿವರಗಳನ್ನು ಹೇಳುವ ಒಂದು ಚಿಕ್ಕ ವರ್ಣನೆಯನ್ನು ಸೂಚಿಸುತ್ತಿದ್ದಿತು. ನಿಜವಾದ ಸ್ಥಳ ಬೇಕಾದರೆ ಹೆಸರಿನ ಹಿಂದೆ ಒಂದು ಚುಕ್ಕೆಯನ್ನು ಸೇರಿಸಿ ಕೇಳಬೇಕಾಗಿದ್ದಿತು. ಪವರ್‌ಪಿಸಿ ಐಬಿಎಂನ ಸ್ವಂತ ಯಂತ್ರ. ಇಂಟೆಲ್ ಯಂತ್ರಕ್ಕೆ ಬರೆದ ಮಾಡ್ಯೂಲು ಅಲ್ಲಿ ನಡೆಯದು. ಅಲ್ಲಿಯದು ಇಲ್ಲಿ ನಡೆಯದು. ಒಂದು ಚುಕ್ಕೆಯ ಮಾತಾದರೂ ದಿನವೂ ಎರಡು ಬಗೆಯ ಯಂತ್ರಗಳಲ್ಲಿ ಕೆಲಸಮಾಡುವವರಿಗೆ ಇದು ಸಣ್ಣ ಪೀಡೆಯಲ್ಲ.

2006ರ ಜುಲೈಯಲ್ಲಿ ಒಟ್ಟಾವಾದ ಲಿನಕ್ಸ್ ಸಮ್ಮೇಳನದಲ್ಲಿ ಕೆಪ್ರೋಬ್ಸಿನ ಒಳರಚನೆಯನ್ನು ವಿವರಿಸುವ ಪ್ರಬಂಧವೊಂದು ಮಂಡಿತವಾಯಿತು. ಅದರ ಐವರು ಲೇಖಕರಲ್ಲಿ ಮೊದಲನೆಯವರು ಶ್ರೀ ಅನಂತ ಎನ್. ಮಾವಿನಕಾಯನಹಳ್ಳಿ, ಎರಡನೆಯವರು ಪಂಚಮುಖಿ. ಉಳಿದವರು ಐಬಿಎಂನ ಕೆನಿಸ್ಟನ್, ಇಂಟೆಲಿನ ಅನಿಲ್ ಕೇಶವಮೂರ್ತಿ, ಹಿಟಾಚಿಯ ಮಸಾಮಿ ಹಿರಾಮತ್ಸು. ಅದೇ ವರ್ಷದ ಅಕ್ಟೋಬರಿನಲ್ಲಿ ಕರ್ನಲಿಗೆ ಸೇರಿ, ನವೆಂಬರಿನಲ್ಲಿ 2.6.19ನೆಯ ಆವೃತ್ತಿಯಾಗಿ ಹೊರಬಂದ ಒಂದು ತಿದ್ದುಪಡಿ ನಮ್ಮ ಚರಿತ್ರೆಯ ಕೇಂದ್ರವೆನ್ನಬೇಕು. ಅದನ್ನು ಬರೆದವರು ಈ ಮಾವಿನಕಾಯನಹಳ್ಳಿಯವರೇ. ಕನ್ನಡನಾಡಿನ ಒಂದು ಹಳ್ಳಿಯ ಹೆಸರು ಇಷ್ಟು ದೂರ ನಡೆದು ಲಿನಕ್ಸಿನ ಪಾಲಕರ ಪಟ್ಟಿಯಲ್ಲಿ ಕುಳಿತುದನ್ನು ಕಂಡರೆ ಸಂತೋಷವಾಗುತ್ತದೆ.

ಆ ತಿದ್ದುಪಡಿಯ ಟಿಪ್ಪಣಿಯಲ್ಲಿ ಹೇಳಿರುವ ವಿಷಯಗಳು ಇವು. ಕೆಪ್ರೋಬಿನ ರಚನೆಗೆ ‘ಸಿಂಬಲ್ ನೇಮ್’ ಎಂಬ ಹೊಸ ಅಂಗವನ್ನು ಸೇರಿಸಿದೆ. ಬರೆಯುವವನು ಹೆಸರನ್ನು ಅಲ್ಲಿಟ್ಟರೆ ವಿಳಾಸವನ್ನು ಕರ್ನಲ್ ತಾನೇ ಒಳಗೆ ಹುಡುಕಿಕೊಳ್ಳುತ್ತದೆ. ಪವರ್‌ಪಿಸಿಯವರು ಇನ್ನು ಚುಕ್ಕೆಯ ಚಿಂತೆ ಮಾಡಬೇಕಾಗಿಲ್ಲ. ಫಂಕ್ಷನ್ನಿನ ಆದಿಯಿಂದ ಇಷ್ಟು ದೂರದಲ್ಲಿ ಎಂದು ಹೇಳುವುದಕ್ಕೆ ‘ಆಫ್‌ಸೆಟ್’ ಎಂಬ ಇನ್ನೊಂದು ಅಂಗವುಂಟು. ವಿಳಾಸವನ್ನು ನೇರವಾಗಿ ಕೊಡುವ ಹಳೆಯ ಪದ್ಧತಿಯೂ ಉಳಿದಿದೆ. ಆದರೆ ಹೆಸರು ವಿಳಾಸ ಎರಡನ್ನೂ ಕೊಟ್ಟರೆ ನೋಂದಣಿಯನ್ನು ನಿರಾಕರಿಸಲಾಗುವುದು. ಇಷ್ಟಾದ ಮೇಲೆ ಬರುವ ಮಾತು ಮುಖ್ಯವಾದುದು: ಕೆ-ಆಲ್‌ಸಿಮ್ಸ್ ಲುಕಪ್ ನೇಮನ್ನು ಕರ್ನಲಿನ ಹೊರಗಿನಿಂದ ನ್ಯಾಯವಾಗಿ ಬಳಸುತ್ತಿದ್ದವರು ಕೆಪ್ರೋಬ್ ಮಾಡ್ಯೂಲುಗಳವರು ಮಾತ್ರವೆಂದು ತೋರುತ್ತದೆ, ಅವರಿಗೆ ಇನ್ನು ಅದರ ಅಗತ್ಯವಿಲ್ಲವಾದುದರಿಂದ ಕ್ರಿಸ್ಟಾಫ್ ಹೆಲ್ವಿಗ್ ಅವರ ಸೂಚನೆಯಂತೆ ಅದರ ಘೋಷಣೆಯನ್ನು ತೆಗೆದುಹಾಕಿದೆ.

ಬಾಗಿಲು ಮುಚ್ಚಿದ್ದು ಹೀಗೆ. ಇದರಲ್ಲಿ ಸಂಶಯದ ಛಾಯೆಯಿಲ್ಲ. ಹುಡುಕುವ ಭಾರವನ್ನು ಹೊರಗಿನವನ ಹೆಗಲಿನಿಂದ ಇಳಿಸಿ ಕರ್ನಲ್ ತಾನು ಹೊತ್ತುಕೊಂಡಿತು, ಅಷ್ಟೆ. 1975ರ ಪಿಎಸ್ ಕಡತವನ್ನು ತಾನೇ ಓದಿ, ವಿಳಾಸವನ್ನು ತಾನೇ ಕಂಡು, ಮೆಮೊರಿಯನ್ನು ತಾನೇ ತೆರೆಯುತ್ತಿದ್ದಿತು. 2006ರ ಮಾಡ್ಯೂಲು ಹೆಸರನ್ನು ಹೇಳಿ ಸುಮ್ಮನಾಗುತ್ತದೆ. ಕೆಪ್ರೋಬ್ಸಿನ ಇತಿಹಾಸವನ್ನು ಹೇಳುವವರು ಸಾಮಾನ್ಯವಾಗಿ ಅದರ ನಿಲ್ಲಿಸುವ ಯುಕ್ತಿಯನ್ನು ಕೊಂಡಾಡಿ ಈ ತಿದ್ದುಪಡಿಯನ್ನು ಸೌಕರ್ಯದ ಒಂದು ವಿವರವೆಂದು ಬಿಟ್ಟುಬಿಡುತ್ತಾರೆ. ಅನಂತರ ಬಂದ ಉಪಕರಣಗಳನ್ನು ಗಮನಿಸಿದರೆ ಈ ಅಭಿಪ್ರಾಯ ನಿಲ್ಲುವುದಿಲ್ಲ. ಇಂದು ಒಬ್ಬ ವಿದ್ಯಾರ್ಥಿ ಒಂದೇ ಸಾಲಿನ ಆಜ್ಞೆಯಲ್ಲಿ ಕರ್ನಲಿನ ಫಂಕ್ಷನ್ನೊಂದರ ಹೆಸರನ್ನು ಬರೆದು ಅದು ಎಷ್ಟು ಸಲ ಓಡಿತೆಂದು ಎಣಿಸಬಲ್ಲನಾದರೆ, ಹೆಸರೇ ಸಾಕು ಎಂಬ ಈ ನಿರ್ಣಯ ಅದರ ಬುನಾದಿಯಲ್ಲಿದೆ.

ಮೂರು ವರ್ಷಗಳ ಮೇಲೆ ಬಾಗಿಲು ಪುನಃ ತೆರೆದ ಕಥೆ ಸ್ವಲ್ಪ ವಿಚಿತ್ರವಾಗಿದೆ. ಐಬಿಎಂನವರೇ ಆದ ಶ್ರೀ ಕೆ. ಪ್ರಸಾದ್ ಅವರು 2009ರಲ್ಲಿ ಮತ್ತೊಂದು ಬಗೆಯ ಪರೀಕ್ಷಕದ ಕೆಲಸದಲ್ಲಿ ತೊಡಗಿದ್ದರು. ಇಂಟೆಲ್ ಪ್ರೊಸೆಸರಿನಲ್ಲಿ ವಿಳಾಸಗಳನ್ನು ಕಾವಲು ಕಾಯುವ ನಾಲ್ಕು ರಿಜಿಸ್ಟರುಗಳುಂಟು. ಒಂದು ಚರದ ವಿಳಾಸವನ್ನು ಅವುಗಳಲ್ಲೊಂದಕ್ಕೆ ಕೊಟ್ಟರೆ ಆ ಚರವನ್ನು ಯಾರು ಬದಲಾಯಿಸಿದರೂ ತಿಳಿಯುತ್ತದೆ. ಇದನ್ನು ತೋರಿಸಲು ಪ್ರಸಾದ್ ಒಂದು ಮಾದರಿ ಮಾಡ್ಯೂಲನ್ನು ಬರೆದರು. ಬಳಸುವವನು ಸಂಕೇತದ ಹೆಸರನ್ನು ಕೊಡಬೇಕು. ಕೊಡದಿದ್ದರೆ ‘ಪಿಐಡಿ ಮ್ಯಾಕ್ಸ್’ ಎಂಬ ಚರವನ್ನು ಅದು ಆಗ ಕಾಯುತ್ತಿದ್ದಿತು. ಈ ವಿಷಯದ ಒಳರಚನೆ ಬದಲಾದಾಗ ಮಾದರಿ ಮುರಿಯಿತು. ಅದನ್ನು ಸರಿಪಡಿಸುವ ಸಂದರ್ಭದಲ್ಲಿ, ಮಾದರಿಗೆ ಹೆಸರಿನಿಂದ ವಿಳಾಸ ಬೇಕಾದುದರಿಂದ, ಕೆ-ಆಲ್‌ಸಿಮ್ಸ್ ಲುಕಪ್ ನೇಮನ್ನು ಪುನಃ ಘೋಷಿಸಲಾಯಿತು. ಕೆಪ್ರೋಬಿಗೆ ದೊರೆತಿದ್ದ ‘ಸಿಂಬಲ್ ನೇಮ್’ ಅಂಗ ಇಲ್ಲಿ ಇರಲಿಲ್ಲ. ಒಂದು ಮಾದರಿಯ ಸಲುವಾಗಿ ತೆರೆದ ಬಾಗಿಲು ಹತ್ತು ವರ್ಷ ಹಾಗೆಯೇ ಉಳಿಯಿತು. ಮಾದರಿಯನ್ನು ನೋಡದವರೂ ಅದರ ಮೂಲಕ ಓಡಾಡಿದರು.

ಈ ಹತ್ತು ವರ್ಷಗಳಲ್ಲಿ ಕಾಲ ಬದಲಾಯಿತು. ವಿಳಾಸವೆಂಬುದು ರಹಸ್ಯವೆಂಬ ಭಾವನೆ ಬೆಳೆಯಿತು. ಕರ್ನಲಿನ ಒಂದು ದೋಷವನ್ನು ಬಳಸಿಕೊಂಡು ಒಳನುಗ್ಗುವವನಿಗೆ ಮೊದಲು ಬೇಕಾದುದು ಎಲ್ಲಿಗೆ ನುಗ್ಗಬೇಕೆಂಬ ತಿಳಿವಳಿಕೆ. ಸಂಕೇತಪಟ್ಟಿ ಅವನಿಗೆ ಅದನ್ನು ಅನಾಯಾಸವಾಗಿ ಕೊಡುತ್ತಿದ್ದಿತು. 2011ರಲ್ಲಿ ವಿಳಾಸಗಳನ್ನು ಮರೆಮಾಡುವ ಏರ್ಪಾಡು ಬಂದಿತು. ಅಧಿಕಾರವಿಲ್ಲದವನು ಪಟ್ಟಿಯನ್ನು ತೆರೆದರೆ ಹೆಸರುಗಳೆಲ್ಲ ಕಾಣುತ್ತವೆ, ವಿಳಾಸದ ಸ್ಥಾನದಲ್ಲಿ ಮಾತ್ರ ಬರಿಯ ಸೊನ್ನೆಗಳು. 2014ರ 3.14ನೆಯ ಆವೃತ್ತಿಯಲ್ಲಿ ಇಂಟೆಲ್ ಯಂತ್ರಗಳಿಗೆ, ಪ್ರತಿ ಬಾರಿ ಯಂತ್ರವನ್ನು ಆರಂಭಿಸಿದಾಗಲೂ ಕರ್ನಲನ್ನು ಬೇರೆಬೇರೆ ಸ್ಥಳದಲ್ಲಿ ಇಳಿಸುವ ಪದ್ಧತಿ ಬಂದಿತು. 2017ರಲ್ಲಿ ಅದೇ ಸಹಜಕ್ರಮವಾಯಿತು. ಸಿಸ್ಟಂ ಮ್ಯಾಪಿನ ಸಂಖ್ಯೆಗಳಿಗೆ ಅಂದಿನಿಂದ ನೇರವಾದ ಅರ್ಥವಿಲ್ಲ.

ಶಾಸನಗಳ ಲೋಕದಲ್ಲಿ ಇದಕ್ಕೆ ತದ್ವಿರುದ್ಧವಾದುದನ್ನು ಕಾಣುತ್ತೇವೆ. 2018ರಲ್ಲಿ ಹೆಬ್ಬಾಳದಲ್ಲಿ ದೊರೆತ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದು. ಅದರಲ್ಲಿ ಈ ಪ್ರದೇಶ ಪೆರ್ಬೊಳಲ್‌ನಾಡು ಎನಿಸಿದೆ. ಸ್ಥಳ ನಿಂತಲ್ಲಿಯೇ ನಿಂತಿದೆ, ಹೆಸರು ಸವೆದು ಹೆಬ್ಬಾಳವಾಗಿದೆ. ಕರ್ನಲಿನಲ್ಲಾದರೋ ಹೆಸರು ಸ್ಥಿರ, ಸ್ಥಳ ದಿನದಿನಕ್ಕೂ ಬೇರೆ. ಹೀಗಾದಮೇಲೆ ಹೆಸರಿನಿಂದ ಹುಡುಕುವುದೊಂದೇ ಉಳಿದ ಉಪಾಯ. ಹುಡುಕಿಕೊಡುವವನ ಪ್ರಾಮುಖ್ಯವೂ ಅಪಾಯವೂ ಒಟ್ಟಿಗೆ ಹೆಚ್ಚಿದುವು.

2020ರಲ್ಲಿ ವಿಲ್ ಡೀಕನ್ ಅವರು ಎರಡನೆಯ ಬಾರಿ ಬಾಗಿಲನ್ನು ಮುಚ್ಚಿಸಿದರು. ಮೊದಲು ಪ್ರಸಾದರ ಮಾದರಿಯನ್ನು ತಿದ್ದಿ, ಘೋಷಿತವಾದ ಸಂಕೇತಗಳನ್ನು ಮಾತ್ರ ಅದು ಕಾಯುವಂತೆ ಮಾಡಿದರು. ಆ ಫಂಕ್ಷನ್ನನ್ನು ಬಳಸುತ್ತಿದ್ದ ಮಾಡ್ಯೂಲು ಕರ್ನಲಿನ ಆಕರದಲ್ಲಿ ಅದೊಂದೇ ಆಗಿದ್ದುದರಿಂದ ಅನಂತರ ಘೋಷಣೆಯನ್ನು ತೆಗೆದರು. ಆ ವರ್ಷದ ಮೇ ಕೊನೆಯಲ್ಲಿ ಹೊರಬಂದ 5.7ನೆಯ ಆವೃತ್ತಿಯಲ್ಲಿ ಇದು ಜಾರಿಗೆ ಬಂದಿತು. ಕೊಟ್ಟ ಕಾರಣವೆಂದರೆ, ಘೋಷಿಸದ ಫಂಕ್ಷನ್ನುಗಳನ್ನು ಹೊರಗಿನ ಮಾಡ್ಯೂಲುಗಳು ಇದರ ಮೂಲಕ ಮನಬಂದಂತೆ ಕರೆಯುತ್ತಿವೆಯೆಂಬುದು. ಮರುವರ್ಷ 5.13ನೆಯ ಆವೃತ್ತಿಯಲ್ಲಿ, ಕರ್ನಲಿನ ಮೆಮೊರಿಯನ್ನು ಕಡತವಾಗಿ ತೋರಿಸುತ್ತಿದ್ದ ‘ಡೆವ್ ಕೆಮೆಮ್’ ಕೂಡ ಲಿನಕ್ಸಿನಿಂದ ಹೊರಟುಹೋಯಿತು. ಆರನೆಯ ಆವೃತ್ತಿಯ ಪಿಎಸ್ ನಡೆದ ದಾರಿಯ ಕೊನೆಯ ಗುರುತುಗಳಲ್ಲಿ ಅದೂ ಒಂದು.

ಎರಡು ಮುಚ್ಚುವಿಕೆಗಳನ್ನು ಒಂದೇ ತೆರನೆಂದು ಎಣಿಸುವುದು ಏಕೆ ತಪ್ಪೆಂದು ಈಗ ಸ್ಪಷ್ಟವಾಗುತ್ತದೆ. 2006ರದು ಬಳಕೆದಾರನಿಗೆ ಅದಕ್ಕಿಂತ ಉತ್ತಮವಾದುದನ್ನು ಕೊಟ್ಟು ತೆಗೆದುಕೊಂಡುದು. 2020ರದು ಬಳಕೆದಾರನಲ್ಲಿಯೇ ಅವಿಶ್ವಾಸದಿಂದ ಮಾಡಿದುದು. ಅವಿಶ್ವಾಸಕ್ಕೆ ಕಾರಣವಿರಲಿಲ್ಲವೆಂದು ನಾನು ಹೇಳಲಾರೆ. ಘೋಷಣೆಯ ನಿಯಮವನ್ನು ಸುತ್ತುಬಳಸಿ ಮೀರುವವರು ಇದ್ದೇ ಇದ್ದರು. ಆದರೆ ಕರ್ನಲನ್ನು ಒಳಗಿನಿಂದ ನೋಡಿ ಕಲಿಯಬಯಸುವ ವಿದ್ಯಾರ್ಥಿಯೂ ಅದೇ ಬಾಗಿಲಿನಲ್ಲಿ ನಿಂತಿದ್ದನೆಂಬುದನ್ನು ಆ ಚರ್ಚೆಯಲ್ಲಿ ಯಾರಾದರೂ ತೂಗಿ ನೋಡಬೇಕಾಗಿದ್ದಿತು.

ಆದರೂ ಬಾಗಿಲು ಪೂರ್ತಿಯಾಗಿ ಮುಚ್ಚಲಿಲ್ಲ. ಇಂದು ಮಾಡ್ಯೂಲುಗಳನ್ನು ಬರೆಯುವವರಲ್ಲಿ ಬಳಕೆಯಲ್ಲಿರುವ ಕ್ರಮವಿದು: ಸಿ ಭಾಷೆಯಲ್ಲಿ ಒಂದು ಕೆಪ್ರೋಬ್ ರಚನೆಯನ್ನು ಮಾಡಿ, ಅದರ ‘ಸಿಂಬಲ್ ನೇಮ್’ ಅಂಗದಲ್ಲಿ ‘ಕೆ-ಆಲ್‌ಸಿಮ್ಸ್ ಲುಕಪ್ ನೇಮ್’ ಎಂಬ ಹೆಸರನ್ನೇ ಇಟ್ಟು, ನೋಂದಾಯಿಸುವುದು. ಕರ್ನಲ್ ತನ್ನ ಪಟ್ಟಿಯಲ್ಲಿ ಆ ಹೆಸರನ್ನು ಹುಡುಕಿ ವಿಳಾಸವನ್ನು ರಚನೆಯೊಳಗೆ ತುಂಬುತ್ತದೆ. ಕೂಡಲೆ ನೋಂದಣಿಯನ್ನು ರದ್ದುಗೊಳಿಸಿ, ಆ ವಿಳಾಸವನ್ನು ಫಂಕ್ಷನ್ ಪಾಯಿಂಟರಿನಲ್ಲಿಟ್ಟುಕೊಂಡರೆ ಬೇಕಾದ ಹೆಸರನ್ನೆಲ್ಲ ಹುಡುಕಬಹುದು. ನೋಂದಣಿಯ ಫಂಕ್ಷನ್ ಜಿಪಿಎಲ್ ಪರವಾನಗಿಯ ಮಾಡ್ಯೂಲುಗಳಿಗೆ ಮಾತ್ರ ಘೋಷಿತವಾಗಿರುವುದರಿಂದ ಆ ಪರವಾನಗಿಯನ್ನು ಸಾರದೆ ಇದು ಸಾಧ್ಯವಿಲ್ಲ. ಹುಡುಕುವ ಫಂಕ್ಷನ್ನನ್ನು ಮುಚ್ಚುವುದಕ್ಕಾಗಿ 2006ರಲ್ಲಿ ಬದಲಾಗಿ ಕೊಟ್ಟ ಅಂಗವೇ ಆ ಫಂಕ್ಷನ್ನನ್ನು ಕಂಡುಹಿಡಿಯುವ ಸಾಧನವಾಗಿದೆ. ಕೆಪ್ರೋಬ್ಸ್ ಇರುವವರೆಗೆ ಇದನ್ನು ತಡೆಯುವುದು ಸುಲಭವಲ್ಲ. ಏಕೆಂದರೆ ಹೆಸರನ್ನು ತಿಳಿದು ವಿಳಾಸವನ್ನು ಕಾಣುವುದೇ ಅದರ ವೃತ್ತಿ.

ಹೆಸರನ್ನು ನಂಬಿದುದರಿಂದ ಬಂದ ಒಂದು ತೊಂದರೆಯನ್ನೂ ಹೇಳಬೇಕು. ಸಿ ಭಾಷೆಯಲ್ಲಿ ಒಂದು ಕಡತಕ್ಕೆ ಸೀಮಿತವಾದ ಫಂಕ್ಷನ್ನುಗಳಿಗೆ ಬೇರೆಬೇರೆ ಕಡತಗಳಲ್ಲಿ ಒಂದೇ ಹೆಸರಿರಬಹುದು. ಹೆಬ್ಬಾಳವೆಂದರೆ ಬೆಂಗಳೂರಿನದೋ ಮೈಸೂರಿನದೋ ಎಂದು ಕೇಳಬೇಕಾದಂತೆ ಇಲ್ಲಿಯೂ ಕೇಳಬೇಕಾಗುತ್ತದೆ. ಹುಡುಕುವ ಫಂಕ್ಷನ್ ಕೇಳದೆ ಒಂದನ್ನೇ ಕೊಡುತ್ತಿದ್ದುದರಿಂದ ನೋಡಬೇಕಾದುದೊಂದು, ನೋಡಿದುದೊಂದು ಆಗುತ್ತಿದ್ದಿತು. 2023ರಲ್ಲಿ ಇದಕ್ಕೆ ಕೆಪ್ರೋಬಿನ ಆಜ್ಞೆಗಳಲ್ಲಿ ಪರಿಹಾರ ಬಂದಿತು: ಹೆಸರು ಒಂದಕ್ಕಿಂತ ಹೆಚ್ಚು ಕಡೆ ಇದ್ದರೆ ಕರ್ನಲ್ ಊಹಿಸುವುದಿಲ್ಲ, ನಿರಾಕರಿಸುತ್ತದೆ.

ಕೆಪ್ರೋಬ್ಸಿನ ಸೋದರವೆನ್ನಬಹುದಾದ ‘ಯುಪ್ರೋಬ್ಸ್’ 2012ರಲ್ಲಿ ಲಿನಕ್ಸಿಗೆ ಸೇರಿತು. ಅದರ ಮುಖ್ಯ ಕರ್ತೃಗಳು ಅದೇ ಸಂಸ್ಥೆಯ ಶ್ರೀಕರ್ ದ್ರೋಣಂರಾಜು ಮತ್ತು ಕೆನಿಸ್ಟನ್. ಬಳಕೆದಾರರ ಪ್ರೋಗ್ರಾಮುಗಳಲ್ಲಿ ಪರೀಕ್ಷಕವನ್ನು ನೆಡುವುದು ಇದರ ಕೆಲಸ. ಇಲ್ಲಿ ಕರ್ನಲ್ ಹೆಸರನ್ನು ಕೇಳಿಸಿಕೊಳ್ಳುವುದೇ ಇಲ್ಲ. ಯಾವ ಕಡತ, ಅದರ ಆದಿಯಿಂದ ಎಷ್ಟು ದೂರ ಎಂದು ಸಂಖ್ಯೆಯಲ್ಲಿಯೇ ಹೇಳಬೇಕು. ಹೆಸರಿನಿಂದ ಆ ಸಂಖ್ಯೆಯನ್ನು ಕಂಡುಹಿಡಿಯುವ ಕೆಲಸ ಹೊರಗಿನ ಉಪಕರಣಗಳದು. ಒಂದೇ ಪರಂಪರೆಯವರು ಕರ್ನಲಿನ ಹೆಸರುಗಳ ಹುಡುಕಾಟವನ್ನು ಒಳಕ್ಕೆ ತಂದು, ಬಳಕೆದಾರರ ಹೆಸರುಗಳ ಹುಡುಕಾಟವನ್ನು ಎನ್‌ಲಿಸ್ಟಿನ ಕಾಲದಂತೆ ಹೊರಗೇ ಬಿಟ್ಟರು. ಕರ್ನಲ್ ತನ್ನ ಹೆಸರುಗಳಿಗೆ ತಾನೇ ಹೊಣೆ, ಅನ್ಯರ ಕಡತಗಳ ಹೆಸರುಗಳಿಗೆ ಅಲ್ಲ ಎಂಬ ವಿವೇಕ ಇದರಲ್ಲಿದೆಯೆಂದು ನನ್ನ ಅಭಿಪ್ರಾಯ.

ಸುಪರ್ಣಾ ಭಟ್ಟಾಚಾರ್ಯ ಅವರು 2004ರಲ್ಲಿ ಸೇರಿಸಿದ ಜಂಪರ್ ಪ್ರೋಬನ್ನು, ಆರ್ಗ್ಯುಮೆಂಟುಗಳನ್ನು ನೋಡುವ ಬೇರೆ ಮಾರ್ಗಗಳು ಬಂದುದರಿಂದ, 2018ರ 4.19ನೆಯ ಆವೃತ್ತಿಯಲ್ಲಿ ತೆಗೆದುಹಾಕಲಾಯಿತು. ಕಡತದ ಶಿರೋಭಾಗದಲ್ಲಿ ಆ ವರ್ಷದ ಜುಲೈ ಎಂಬ ನಮೂದೂ ಅವರ ಹೆಸರೂ ಹಾಗೆಯೇ ಉಳಿದಿವೆ.